ಷೇವಿಯನ್: ಒಂದು ವಿಶೇಷಣದ ವಂಶಾವಳಿ



ದತ್ತಿ ಉಪನ್ಯಾಸ ಎಂದಮೇಲೆ ದತ್ತಿಯಿಂದಲೇ ಶುರುಮಾಡುವುದು ಮರ್ಯಾದೆ. ನಮ್ಮಲ್ಲಿ ದತ್ತಿ ಇಟ್ಟವರ ಹೆಸರು ಆಮಂತ್ರಣ ಪತ್ರಿಕೆಯ ನೆತ್ತಿಯ ಮೇಲೆ ಇದ್ದ ಹಾಗೆಯೇ ಅಚ್ಚಾಗುತ್ತದೆ. ಹೆಚ್ಚೆಂದರೆ ಪಕ್ಕದಲ್ಲಿ ‘ಸ್ಮಾರಕ’ ಎಂಬ ಪದ ಸೇರುತ್ತದೆ. ಇಂಗ್ಲೆಂಡಿನವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ದಾನಿಯ ಮನೆತನದ ಹೆಸರಿಗೆ ಲ್ಯಾಟಿನ್ನಿನ ಬಾಲವೊಂದನ್ನು ಅಂಟಿಸಿ ಹೆಸರನ್ನೇ ವಿಶೇಷಣ ಮಾಡಿಬಿಟ್ಟರು. ಸರ್ ಥಾಮಸ್ ಬಾಡ್ಲಿ ಆಕ್ಸ್‌ಫರ್ಡಿನಲ್ಲಿ ಪಾಳುಬಿದ್ದಿದ್ದ ಗ್ರಂಥಾಲಯಕ್ಕೆ ಹಣ ಹಾಕಿ 1602ರಲ್ಲಿ ಅದರ ಬಾಗಿಲು ತೆಗೆಸಿದ. ಅದು ‘ಬಾಡ್ಲಿಯನ್’ ಆಯಿತು. ಮೈಯಲ್ಲಿ ರಕ್ತ ಸುತ್ತುವ ಬಗೆಯನ್ನು ತೋರಿಸಿಕೊಟ್ಟ ವಿಲಿಯಂ ಹಾರ್ವಿ 1656ರಲ್ಲಿ ಲಂಡನ್ನಿನ ವೈದ್ಯರ ಕಾಲೇಜಿಗೆ ಆಸ್ತಿ ಬರೆದುಕೊಟ್ಟು, ವರ್ಷಕ್ಕೊಮ್ಮೆ ಒಂದು ಭಾಷಣವೂ ಒಂದು ಊಟವೂ ನಡೆಯಬೇಕೆಂದು ವಿಧಿಸಿದ. ಅದು ‘ಹಾರ್ವಿಯನ್’ ಉಪನ್ಯಾಸ. ಊಟದ ಷರತ್ತನ್ನು ನಮ್ಮ ದಾನಿಗಳೂ ಗಮನಿಸಬೇಕೆಂದು ಕೋರುತ್ತೇನೆ. ಹೆನ್ರಿ ಲೂಕಸ್ ಎಂಬಾತನ ದತ್ತಿಯಿಂದ ಕೇಂಬ್ರಿಜ್‌ನಲ್ಲಿ 1663ರಲ್ಲಿ ಗಣಿತದ ಪೀಠವೊಂದು ಹುಟ್ಟಿತು. 1669ರಲ್ಲಿ ಅಲ್ಲಿ ನ್ಯೂಟನ್ ಕೂತ, 1979ರಿಂದ 2009ರವರೆಗೆ ಸ್ಟೀಫನ್ ಹಾಕಿಂಗ್ ಕೂತಿದ್ದರು. ಲೂಕಸ್ ಯಾರೆಂದು ಕೇಳಿದರೆ ತಡವರಿಸುವವರೂ ‘ಲೂಕೇಸಿಯನ್ ಪ್ರೊಫೆಸರ್’ ಎಂದರೆ ತಲೆಬಾಗುತ್ತಾರೆ.

ಇವೆಲ್ಲ ದುಡ್ಡು ಕೊಟ್ಟು ಸಂಪಾದಿಸಿದ ವಿಶೇಷಣಗಳು. ದುಡ್ಡಿಲ್ಲದೆ ಸಿಗುವವು ಲೇಖಕರವು. ಡಿಕನ್ಸ್ ‘ಡಿಕೆನ್ಸಿಯನ್’ ಆದ, ಸ್ವಿಫ್ಟ್ ‘ಸ್ವಿಫ್ಟಿಯನ್’ ಆದ, ಜಾಯ್ಸ್ ‘ಜಾಯ್ಸಿಯನ್’ ಆದ. ‘ಆರ್ವೆಲಿಯನ್’ ಎಂಬುದಂತೂ ಸಂಪಾದಕೀಯಗಳಲ್ಲಿ ಬಳಸಿ ಬಳಸಿ ಸವೆದುಹೋಗಿದೆ. ಅದು ಮನೆತನದ ಹೆಸರಿನಿಂದ ಬಂದದ್ದೂ ಅಲ್ಲ. ಎರಿಕ್ ಬ್ಲೇರ್ ಎಂಬ ಲೇಖಕ ಒಂದು ನದಿಯಿಂದ ಎರವಲು ತಂದ ಕಾವ್ಯನಾಮ ಅದು. ಇವತ್ತು ನಾನು ಎತ್ತಿಕೊಂಡಿರುವ ಪದ ಎರಡೂ ಜಾತಿಗೆ ಸೇರಿದ್ದು. ಬರವಣಿಗೆಯ ಬಲದಿಂದ ಹುಟ್ಟಿ, ಕೊನೆಗೆ ದತ್ತಿಯ ಹೆಸರಾಗಿ ನಿಂತ ಪದ: ‘ಷೇವಿಯನ್’. ಜಾರ್ಜ್ ಬರ್ನಾರ್ಡ್ ಷಾನಿಗೆ ಸಂಬಂಧಿಸಿದ್ದು, ಅವನ ರೀತಿಯದು ಎಂದು ಅದರ ಅರ್ಥ.

ಮೊದಲ ಸಲ ಕೇಳಿದವರಿಗೆ ಇದು ಕ್ಷೌರದಂಗಡಿಯ ಪದದಂತೆ ಕೇಳುತ್ತದೆ. ಎದೆಯವರೆಗೆ ಗಡ್ಡ ಬಿಟ್ಟಿದ್ದ ಮನುಷ್ಯನ ವಿಶೇಷಣ ‘ಶೇವಿಂಗ್’ ನೆನಪು ತರುವಂತಿದೆ ಎಂಬುದರಲ್ಲೇ ಒಂದು ತಮಾಷೆಯಿದೆ. ಆದರೆ ನಿಜವಾದ ಪ್ರಶ್ನೆ ಬೇರೆ. ಷಾ ಎಂಬ ಹೆಸರಿನಿಂದ ‘ಷಾಯಿಯನ್’ ಹುಟ್ಟಬೇಕಿತ್ತು. ನಡುವೆ ವಕಾರ ಎಲ್ಲಿಂದ ಬಂತು? ‘ಷಾ’ ಹೋಗಿ ‘ಷೇ’ ಆದದ್ದು ಯಾಕೆ?

ಕನ್ನಡ ವ್ಯಾಕರಣ ಓದಿದವರಿಗೆ ಥಟ್ಟನೆ ಹೊಳೆಯುವ ಉತ್ತರ ವಕಾರಾಗಮ. ಗುರು ಎಂಬುದಕ್ಕೆ ‘ಅನ್ನು’ ಸೇರಿದಾಗ ಗುರುವನ್ನು, ಮನೆಗೆ ಸೇರಿದಾಗ ಮನೆಯನ್ನು. ಎರಡು ಸ್ವರಗಳು ಎದುರುಬದುರಾದಾಗ ನಡುವೆ ವ ಅಥವಾ ಯ ಬಂದು ಕೂರುತ್ತದೆ. ಕೇಶಿರಾಜ 13ನೆಯ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಇಂಥ ಸಂಧಿಗಳನ್ನು ಸೂತ್ರ ಕಟ್ಟಿ ಹೇಳಿದ್ದಾನೆ. ಇಂಗ್ಲಿಷಿನಲ್ಲೂ ಹಾಗೆ ಕಾಣುವ ಪದಗಳು ಸಿಗುತ್ತವೆ. ಪೆರು ದೇಶದವನು ‘ಪೆರುವಿಯನ್’. ಅಲ್ಲಿ ವಕಾರ ನಿಜಕ್ಕೂ ನಡುವೆ ತೂರಿಕೊಂಡದ್ದೇ. ಆದರೆ ಷಾನ ವಿಷಯದಲ್ಲಿ ಆದದ್ದು ಆಗಮವಲ್ಲ. ಆ ವ್ಯಂಜನ ಮೊದಲಿಂದಲೂ ಅಲ್ಲೇ ಇತ್ತು. ಇಂಗ್ಲಿಷಿನಲ್ಲಿ ಷಾ ಎಂದು ಬರೆಯುವಾಗ ಕಡೆಯಲ್ಲಿ ಒಂದು ಡಬಲ್ಯೂ ಬರುತ್ತದೆ. ಉಚ್ಚಾರದಲ್ಲಿ ಅದು ಸತ್ತಿದೆ, ಬರಹದಲ್ಲಿ ಕೂತಿದೆ. ಲ್ಯಾಟಿನ್ನಿನಲ್ಲಿ ಡಬಲ್ಯೂ ಎಂಬ ಅಕ್ಷರವೇ ಇಲ್ಲ. ಹಾಗಾಗಿ ಇಂಥ ಹೆಸರನ್ನು ಲ್ಯಾಟಿನ್ನಿಗೆ ತರುವವರು ಅದರ ಜಾಗದಲ್ಲಿ ವಿ ಬರೆದರು, ಗಂಡಸಿನ ಹೆಸರಿಗೆ ಬೇಕಾದ ‘ಇಯುಸ್’ ಹಚ್ಚಿದರು. ಷಾ ಹೋಗಿ ‘ಷಾವಿಯುಸ್’ ಆಯಿತು. ಷಾವಿಯುಸ್‌ನಿಂದ ಷೇವಿಯನ್.

ಹ್ಯಾರೋ ಶಾಲೆಯಲ್ಲಿ ಓದಿದವರನ್ನು ‘ಹ್ಯಾರೋವಿಯನ್’ ಎನ್ನುವುದೂ ಇದೇ ದಾರಿಯಲ್ಲಿ. ನಮ್ಮ ಜವಾಹರಲಾಲ್ ನೆಹರೂ ಹ್ಯಾರೋವಿಯನ್. ನಾಟಕಕಾರ ಮಾರ್ಲೋನದು ‘ಮಾರ್ಲೋವಿಯನ್’. ಈ ಹೆಸರುಗಳಲ್ಲೆಲ್ಲ ಮಾತಿನಲ್ಲಿ ಕೇಳದ ಡಬಲ್ಯೂ ಬರಹದಲ್ಲಿ ಉಳಿದಿತ್ತು. ಬಾಲ ಹಚ್ಚುವ ಹೊತ್ತಿಗೆ ವಿ ಆಗಿ ಮತ್ತೆ ಜೀವ ತಳೆಯಿತು. ವಿದ್ವಾಂಸರು ತಮ್ಮ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುತ್ತಿದ್ದ ಕಾಲದ ಪಳೆಯುಳಿಕೆ ಇದು. ಫ್ರಾನ್ಸಿನ ದೆಕಾರ್ತ್ ಆ ಕಾಲದಲ್ಲಿ ‘ಕಾರ್ಟೇಸಿಯುಸ್’ ಆದದ್ದರಿಂದಲೇ ಅವನ ಜ್ಯಾಮಿತಿ ಇವತ್ತಿಗೂ ‘ಕಾರ್ಟೀಸಿಯನ್’. ಅವನ ಹೆಸರಿನ ತಲೆಯ ಕಡೆಯ ತುಂಡು ದಾರಿಯಲ್ಲೇ ಉದುರಿಹೋಯಿತು.

ಇನ್ನು ‘ಷಾ’ ‘ಷೇ’ ಆದ ಸಂಗತಿ. ಇದು ಲ್ಯಾಟಿನ್ನಿನ ತಪ್ಪಲ್ಲ, ಲ್ಯಾಟಿನ್ನನ್ನು ತಮ್ಮ ನಾಲಿಗೆಗೆ ಬಗ್ಗಿಸಿಕೊಂಡ ಇಂಗ್ಲಿಷ್ ಮೇಷ್ಟರುಗಳ ಅಭ್ಯಾಸ. ಒತ್ತು ಬಿದ್ದ ಅಕಾರ, ಅದರ ಮುಂದೆ ಒಂದೇ ವ್ಯಂಜನ, ಆಮೇಲೆ ‘ಇಯ’ ಬಂದರೆ ಆ ಅಕಾರ ಅವರ ಬಾಯಲ್ಲಿ ಏಕಾರವಾಗುತ್ತದೆ. ಅರಬ್ ಎಂಬುದು ಅರೇಬಿಯನ್, ಕೆನಡಾ ಎಂಬುದು ಕೆನೇಡಿಯನ್. ಇದೇ ಪಂಕ್ತಿಯಲ್ಲಿ ಷಾನ ಬದುಕಿಗೆ ತೀರ ಹತ್ತಿರದ ಇನ್ನೊಂದು ಪದವಿದೆ: ಫೇಬಿಯನ್. 1884ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫೇಬಿಯನ್ ಸೊಸೈಟಿಗೆ ಷಾ ಅದೇ ವರ್ಷ ಸೇರಿದ. ಹ್ಯಾನಿಬಲ್‌ನ ಎದುರು ನೇರ ಕಾಳಗಕ್ಕೆ ಇಳಿಯದೆ ಕಾದು ಕಾದು ದಣಿಸಿದ ರೋಮನ್ ಸೇನಾಪತಿ ಫಾಬಿಯುಸ್‌ನ ಮನೆತನದ ಹೆಸರಿನಿಂದ ಬಂದದ್ದು ಅದು. ಕ್ರಾಂತಿ ಬೇಡ, ನಿಧಾನಕ್ಕೆ ಸಮಾಜವಾದ ಬರಲಿ ಎನ್ನುವವರಿಗೆ ಒಪ್ಪುವ ಹೆಸರು. ಒಂದು ಮನೆತನದ ವಿಶೇಷಣ ಹೊತ್ತ ಸಂಘದಲ್ಲಿ ದುಡಿಯುತ್ತಲೇ ಷಾ ತನ್ನ ಮನೆತನದ ಹೆಸರಿಗೂ ಅದೇ ಪ್ರಾಸದ ವಿಶೇಷಣ ಗಳಿಸಿದ. ಹುಡುಗನಾಗಿದ್ದಾಗ ಅವನು ಓದಿದ್ದ ಡಬ್ಲಿನ್ನಿನ ಶಾಲೆಯೂ ಇಂಥದೇ, ‘ವೆಸ್ಲಿಯನ್’. ಜಾನ್ ವೆಸ್ಲಿಯ ಪಂಥದ್ದು. ಆ ಶಾಲೆಯ ಬಗ್ಗೆ ಮಾತ್ರ ಅವನು ಜನ್ಮವಿಡೀ ಒಂದು ಒಳ್ಳೆಯ ಮಾತು ಆಡಲಿಲ್ಲ.

ಷಾ ಎಂಬ ಮನೆತನದ ಹೆಸರಿನ ಹಿಂದಿರುವುದು ಹಳೆಯ ಇಂಗ್ಲಿಷಿನ ಒಂದು ಸಾಧಾರಣ ಪದ: ಸಣ್ಣ ಕಾಡು, ಪೊದೆಗಾಡು, ತೋಪು. ತೋಪಿನ ಪಕ್ಕ ಮನೆ ಮಾಡಿದ್ದವರು ಷಾ ಆದರು, ಅಷ್ಟೆ. ಅದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲ. ಸ್ವಾರಸ್ಯವಿರುವುದು ‘ಷಾವಿಯುಸ್’ ಎಂಬ ಲ್ಯಾಟಿನ್ ರೂಪ ಸಿಕ್ಕ ಕಥೆಯಲ್ಲಿ. ಅದನ್ನು ಷಾನೇ ಹೇಳುತ್ತಿದ್ದ.

ಅವನ ಹಿರಿಯ ಗೆಳೆಯ ವಿಲಿಯಂ ಮಾರಿಸ್. ಕವಿ, ಸಮಾಜವಾದಿ, ಗೋಡೆಗೆ ಅಂಟಿಸುವ ಕಾಗದದಿಂದ ಹಿಡಿದು ಅಚ್ಚಿನ ಮೊಳೆಯವರೆಗೆ ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟದವನು, ಮಧ್ಯಯುಗದ ಹಸ್ತಪ್ರತಿಗಳೆಂದರೆ ಪ್ರಾಣ. ಅಂಥ ಒಂದು ಹಸ್ತಪ್ರತಿ ಷಾ ಎಂಬ ಹೆಸರಿನ ಯಾರೋ ಹಳಬನೊಬ್ಬನದು. ಅದರ ಅಂಚಿನಲ್ಲಿ ಓದುಗನೊಬ್ಬ ಲ್ಯಾಟಿನ್ನಿನಲ್ಲಿ ಗೀಚಿದ್ದು ಮಾರಿಸ್‌ನ ಕಣ್ಣಿಗೆ ಬಿತ್ತಂತೆ. ಹೀಗೆಂದು ಷಾವಿಯುಸ್ ಹೇಳುತ್ತಾನೆ, ಆದರೆ ಹೇಳಿದ್ದು ಮೂರ್ಖತನ ಎಂಬುದು ಆ ಗೀಚಿನ ತಾತ್ಪರ್ಯ. ಷಾನಿಗೆ ಬೇಕಾಗಿದ್ದದ್ದು ಸಿಕ್ಕಿತು. ‘ಷಾಯಿಯನ್’ ಎಂಬ ರೂಪವನ್ನು ಬಾಯಲ್ಲಿ ಇಟ್ಟುಕೊಳ್ಳುವುದಕ್ಕೇ ಆಗುವುದಿಲ್ಲ ಎಂಬುದು ಅವನ ದೂರಾಗಿತ್ತು. ಈಗ ಮಧ್ಯಯುಗದ ಪುರಾವೆಯೇ ಕೈಗೆ ಬಂತು.

ಕಥೆಗಾರ ಷಾ ಆದ್ದರಿಂದ ಹಸ್ತಪ್ರತಿಯನ್ನು ಕಣ್ಣಾರೆ ಕಾಣುವ ತನಕ ನಾನು ಅದರ ಮೇಲೆ ಪಣ ಕಟ್ಟುವುದಿಲ್ಲ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಅವನು ಆರಿಸಿಕೊಂಡ ವಂಶಾವಳಿಯನ್ನು ನೋಡಿ. ತನ್ನ ಹೆಸರಿನ ಘನವಾದ ಲ್ಯಾಟಿನ್ ರೂಪಕ್ಕೆ ಅವನು ಹುಡುಕಿದ ಮೂಲ ಒಂದು ಪ್ರಶಸ್ತಿಯಲ್ಲ, ಬಿರುದಲ್ಲ, ಶಾಸನವಲ್ಲ. ಅಂಚಿನಲ್ಲಿ ನಿಂತು ಯಾರೋ ಬೈದ ಬೈಗುಳ.

ಇದೇ ಮನುಷ್ಯ 1894ರ ಏಪ್ರಿಲ್ 21ರ ರಾತ್ರಿ ಲಂಡನ್ನಿನ ಅವೆನ್ಯೂ ಥಿಯೇಟರಿನಲ್ಲಿ ಏನು ಮಾಡಿದ ನೋಡಿ. ‘ಆರ್ಮ್ಸ್ ಅಂಡ್ ದಿ ಮ್ಯಾನ್’ ನಾಟಕದ ಮೊದಲ ಪ್ರಯೋಗ. 1885ರ ಸರ್ಬಿಯಾ–ಬಲ್ಗೇರಿಯಾ ಯುದ್ಧದ ಹಿನ್ನೆಲೆ. ಸೋತು ಓಡಿಬಂದ ಸ್ವಿಸ್ ಕೂಲಿ ಸಿಪಾಯಿಯೊಬ್ಬ ರಾತ್ರಿ ಹೊತ್ತಿನಲ್ಲಿ ಶತ್ರುಪಾಳಯದ ಹುಡುಗಿಯ ಮಲಗುವ ಕೋಣೆಗೆ ನುಗ್ಗುತ್ತಾನೆ. ಅವನ ತೋಟಾ ಚೀಲದಲ್ಲಿ ಇರಬೇಕಾದದ್ದು ತೋಟಾ, ಇಟ್ಟುಕೊಂಡದ್ದು ಚಾಕಲೇಟು, ಅದೂ ಮುಗಿದುಹೋಗಿದೆ. ವೀರಾವೇಶದ ಕನಸು ಕಾಣುವ ಹುಡುಗಿಯೇ ಅವನಿಗೆ ಕ್ರೀಮ್ ಚಾಕಲೇಟು ತಿನ್ನಿಸಬೇಕಾಗುತ್ತದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು, ನಾಟಕಕಾರನನ್ನು ರಂಗಕ್ಕೆ ಕರೆದರು. ಚಪ್ಪಾಳೆ ಅಡಗುವ ಹೊತ್ತಿಗೆ ಮೇಲಿನ ಗ್ಯಾಲರಿಯಿಂದ ಒಂಟಿ ಧ್ವನಿಯೊಂದು ‘ಬೂ’ ಎಂದಿತು. ಷಾ ಆ ಕಡೆ ತಿರುಗಿ, ನನ್ನ ಅಭಿಪ್ರಾಯವೂ ಅದೇ ಕಣಯ್ಯ, ಆದರೆ ಇಷ್ಟು ಜನರ ಎದುರು ನಾವಿಬ್ಬರೇ ಏನು ಮಾಡೋಣ ಎನ್ನುವ ಅರ್ಥದಲ್ಲಿ ಕೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು.

ಷೇವಿಯನ್ ಎಂದರೆ ಏನು ಎಂದು ನಿಘಂಟು ಹೇಳುವುದಕ್ಕಿಂತ ಆ ರಾತ್ರಿ ಚೆನ್ನಾಗಿ ಹೇಳುತ್ತದೆ. ಬೈದವನ ಪಕ್ಕಕ್ಕೆ ಹೋಗಿ ನಿಂತು ಬೈಗುಳವನ್ನು ತನ್ನದಾಗಿಸಿಕೊಳ್ಳುವುದು. ಎಲ್ಲರೂ ಒಪ್ಪಿದ ಮಾತನ್ನು ತಲೆಕೆಳಗು ಮಾಡಿ, ಹಾಗೆ ಮಾಡಿದಾಗಲೇ ಅದು ಸರಿಯಾಗಿ ನಿಂತಂತೆ ತೋರಿಸುವುದು. ಅಂಚಿನ ಗೀಚಿನಿಂದ ಹೆಸರು ಎತ್ತಿಕೊಂಡದ್ದೂ ಗ್ಯಾಲರಿಯ ‘ಬೂ’ಗೆ ಉತ್ತರ ಕೊಟ್ಟದ್ದೂ ಒಂದೇ ಕೈಚಳಕ. ಆದ್ದರಿಂದ ಷೇವಿಯನ್ ಎಂಬ ಪದವೇ ಷೇವಿಯನ್ ಎಂಬುದು ನನ್ನ ವಾದ. ಡಿಕೆನ್ಸಿಯನ್ ಎಂಬ ಪದದಲ್ಲಿ ಡಿಕನ್ಸ್‌ನ ಗುಣವೇನೂ ಇಲ್ಲ. ಹೆಸರಿಗೆ ಬಾಲ ಸೇರಿದೆ, ಅಷ್ಟೆ. ಷೇವಿಯನ್ ಹಾಗಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಜಮೀನು ವ್ಯವಹಾರದ ಕಚೇರಿಯಲ್ಲಿ ಗುಮಾಸ್ತನಾದವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು, ಚಿಕ್ಕಂದಿನಲ್ಲಿ ಪಾದ್ರಿ ಬಂಧುವೊಬ್ಬರು ಹೇಳಿಕೊಟ್ಟ ಲ್ಯಾಟಿನ್ನಿಗೆ ಆಮೇಲೆ ಹೆಚ್ಚೇನೂ ಸೇರಿಸದವನು, ಆಕ್ಸ್‌ಫರ್ಡ್ ಕೇಂಬ್ರಿಜ್‌ನವರ ಗತ್ತಿನ ವಿಶೇಷಣವನ್ನು ತಾನೇ ಧರಿಸಿ ಅವರ ಎದುರು ನಡೆದಾಡಿದ.

ಕನ್ನಡದಲ್ಲಿ ಈ ಆಟಕ್ಕೆ ಎಡೆಯಿಲ್ಲ, ಅದರ ಅಗತ್ಯವೂ ಬಿದ್ದಿಲ್ಲ. ಸಂಸ್ಕೃತದ ದಾರಿ ಹಿಡಿದರೆ ಪಾಣಿನಿಯದು ಪಾಣಿನೀಯ. ಅಚ್ಚಗನ್ನಡದಲ್ಲಿ ಷಷ್ಠಿಯೇ ಸಾಕು: ಬೇಂದ್ರೆಯ ಲಯ, ಷಾನ ಕುಚೋದ್ಯ. ಅದೂ ಬೇಡವೆಂದರೆ ಹೆಸರನ್ನು ಬರಿದೇ ಪಕ್ಕಕ್ಕಿಟ್ಟರೆ ಆಯಿತು: ಕೈಲಾಸಂ ಜೋಕು. ಅಂದಹಾಗೆ ಟಿ.ಪಿ. ಕೈಲಾಸಂ ಭೂವಿಜ್ಞಾನ ಓದಲು ಲಂಡನ್ನಿನಲ್ಲಿದ್ದ ವರ್ಷಗಳು ಷಾ ಅಲ್ಲಿನ ರಂಗಭೂಮಿಯನ್ನು ಆಳುತ್ತಿದ್ದ ವರ್ಷಗಳೇ.

ಈಗ ಪದದ ಎರಡನೆಯ ಜನ್ಮಕ್ಕೆ ಬರುತ್ತೇನೆ. ದತ್ತಿಯ ಕಥೆ ಇರುವುದು ಇಲ್ಲೇ.

ಇಂಗ್ಲಿಷಿನ ಕಾಗುಣಿತದ ಮೇಲೆ ಷಾನಿಗಿದ್ದ ಸಿಟ್ಟು ಹವ್ಯಾಸದ ಸಿಟ್ಟಲ್ಲ. ತನ್ನ ಪುಸ್ತಕಗಳಲ್ಲಿ ಎಷ್ಟೋ ಪದಗಳ ಅಪಾಸ್ಟ್ರಫಿ ಕಿತ್ತೆಸೆದ. ಷೇಕ್ಸ್‌ಪಿಯರ್ ಹೆಸರಿನ ಕೊನೆಯ ಅಕ್ಷರವನ್ನು ಬಿಟ್ಟೇ ಅಚ್ಚು ಹಾಕಿಸುತ್ತಿದ್ದ. ಕರಡನ್ನೆಲ್ಲ ಪಿಟ್‌ಮನ್ ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದ. 1913ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲು ರಂಗಕ್ಕೇರಿದ ‘ಪಿಗ್ಮೇಲಿಯನ್’ ನಾಟಕದ ನಾಯಕ ಧ್ವನಿವಿಜ್ಞಾನದ ಪ್ರೊಫೆಸರ್. ಬೀದಿಯಲ್ಲಿ ಹೂ ಮಾರುವ ಹುಡುಗಿಯ ಉಚ್ಚಾರ ತಿದ್ದಿ ದೊಡ್ಡ ಮನೆಯವಳೆಂದು ನಂಬಿಸುವವನು. (ಮೀನು ಎಂಬರ್ಥದ ‘ಫಿಶ್’ ಪದವನ್ನು ಚಿತ್ರವಿಚಿತ್ರ ಅಕ್ಷರಗಳಲ್ಲಿ ಬರೆದು ಕಾಗುಣಿತವನ್ನು ಗೇಲಿ ಮಾಡುವ ಜೋಕನ್ನು ಮೇಷ್ಟರುಗಳು ಷಾನ ತಲೆಗೆ ಕಟ್ಟುತ್ತಾರೆ. ಅದು ಅವನದಲ್ಲ. ಅವನು ಹುಟ್ಟುವುದಕ್ಕೆ ಮೊದಲೇ, 1855ರ ಪತ್ರವೊಂದರಲ್ಲಿ ಅದು ಇದೆ.) ಒಂದು ಮುನ್ನುಡಿಯಲ್ಲಿ ಅವನು ತನ್ನ ಹೆಸರನ್ನೇ ಲೆಕ್ಕಕ್ಕೆ ಹಿಡಿದ: ನನ್ನ ಮನೆತನದ ಹೆಸರಿನಲ್ಲಿ ಇರುವುದು ಎರಡು ಧ್ವನಿ, ಬರೆಯಬೇಕಾದದ್ದು ನಾಲ್ಕು ಅಕ್ಷರ, ಹೊತ್ತು, ಶ್ರಮ, ಶಾಯಿ, ಕಾಗದ ಎಲ್ಲವೂ ದಂಡ. ಈ ದೂರು ನೆನಪಿನಲ್ಲಿರಲಿ.

1950ರ ನವೆಂಬರ್ 2ರಂದು, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಅವನು ತೀರಿಕೊಂಡ. ಉಯಿಲು ತೆರೆದರೆ ಅದರಲ್ಲಿ ಇಂಗ್ಲಿಷಿಗೊಂದು ಹೊಸ ವರ್ಣಮಾಲೆಗಾಗಿ ಹಣ. ಕನಿಷ್ಠ ನಲವತ್ತು ಅಕ್ಷರ ಇರಬೇಕು, ಒಂದು ಧ್ವನಿಗೆ ಒಂದೇ ಅಕ್ಷರ. ಅದಕ್ಕೆ ಅವನು ಇಟ್ಟ ಹೆಸರು ‘ಪ್ರಸ್ತಾವಿತ ಬ್ರಿಟಿಷ್ ವರ್ಣಮಾಲೆ’. ತನ್ನ ಹೆಸರನ್ನು ಅದಕ್ಕೆ ಅಂಟಿಸಿರಲಿಲ್ಲ. ಉಳಿದ ಆಸ್ತಿ ಮೂರು ಸಂಸ್ಥೆಗಳಿಗೆ: ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ರಾಯಲ್ ನಾಟಕ ಅಕಾಡೆಮಿ, ಡಬ್ಲಿನ್ನಿನ ನ್ಯಾಷನಲ್ ಗ್ಯಾಲರಿ. ಮ್ಯೂಸಿಯಮ್ಮಿನ ವಾಚನಾಲಯವೇ ಅವನ ವಿಶ್ವವಿದ್ಯಾಲಯವಾಗಿತ್ತು. ಅಲ್ಲಿ ಮಾರ್ಕ್ಸ್‌ನ ಗ್ರಂಥದ ಫ್ರೆಂಚ್ ಅನುವಾದವನ್ನೂ ವ್ಯಾಗ್ನರ್‌ನ ಸಂಗೀತಲಿಪಿಯನ್ನೂ ಒಟ್ಟೊಟ್ಟಿಗೆ ಓದುತ್ತ ಕೂತ ಕೆಂಪು ಗಡ್ಡದ ಯುವಕನನ್ನು ವಿಮರ್ಶಕ ವಿಲಿಯಂ ಆರ್ಚರ್ ಗುರುತಿಸಿದ್ದು ನಾಟಕ ಚರಿತ್ರೆಯಲ್ಲಿ ಪ್ರಸಿದ್ಧ.

ಉಯಿಲು ಕೋರ್ಟಿಗೆ ಹೋಯಿತು. 1956ರಲ್ಲಿ ‘ಪಿಗ್ಮೇಲಿಯನ್’ ಆಧರಿಸಿದ ‘ಮೈ ಫೇರ್ ಲೇಡಿ’ ಬ್ರಾಡ್‌ವೇಯಲ್ಲಿ ಗೆದ್ದು ಗೌರವಧನ ಹರಿದುಬರತೊಡಗಿತ್ತು. ಜಗಳಕ್ಕೆ ಈಗ ಅರ್ಥವೂ ಇತ್ತು. 1957ರಲ್ಲಿ ನ್ಯಾಯಮೂರ್ತಿ ಹಾರ್ಮನ್ ತೀರ್ಪು ಕೊಟ್ಟರು: ವರ್ಣಮಾಲೆಯ ದತ್ತಿ ಊರ್ಜಿತವಲ್ಲ. ಅದು ಕಾನೂನಿನ ಪ್ರಕಾರ ಧರ್ಮಕಾರ್ಯವೂ ಅಲ್ಲ, ಹಕ್ಕು ಕೇಳಲು ಬರುವ ಫಲಾನುಭವಿ ಮನುಷ್ಯರೂ ಅದಕ್ಕಿಲ್ಲ. ಡಬಲ್ಯೂ ಇಲ್ಲದೆ ಬರೆಯುವ ಹಕ್ಕು ಕೇಳಿ ಕೋರ್ಟಿನ ಕಟ್ಟೆ ಹತ್ತುವವರು ಯಾರು? ಕೊನೆಗೆ ರಾಜಿಯಾಗಿ ವರ್ಣಮಾಲೆಯ ಪಾಲಿಗೆ 8,300 ಪೌಂಡು ಉಳಿಯಿತು. ಸಾಗರದಲ್ಲಿ ಒಂದು ಬೊಗಸೆ.

ಅಷ್ಟರಲ್ಲೇ ಕೆಲಸ ನಡೆಯಿತು. 500 ಪೌಂಡಿನ ಸ್ಪರ್ಧೆಗೆ 467 ಲಿಪಿಗಳು ಬಂದವು. ಬಹುಮಾನ ನಾಲ್ವರಿಗೆ ಹಂಚಿಹೋಯಿತು, ಕೊನೆಯ ರೂಪ ಕೊಡುವ ಹೊಣೆ ಕಿಂಗ್ಸ್‌ಲಿ ರೀಡ್ ಎಂಬ ವಿನ್ಯಾಸಕಾರನ ಪಾಲಿಗೆ ಬಂತು. 1962ರಲ್ಲಿ ಪೆಂಗ್ವಿನ್ ಪ್ರಕಾಶನ ‘ಆಂಡ್ರೊಕ್ಲೀಸ್ ಅಂಡ್ ದಿ ಲಯನ್’ ನಾಟಕವನ್ನು ಹಳೆ ಲಿಪಿ ಹೊಸ ಲಿಪಿ ಎದುರುಬದುರಾಗಿ ಅಚ್ಚು ಮಾಡಿತು. ಉಯಿಲಿನ ಆಶಯದಂತೆ ಗ್ರಂಥಾಲಯಗಳಿಗೆ ಪ್ರತಿಗಳನ್ನು ಪುಕ್ಕಟೆ ಹಂಚಿದರು. ಆ ನಾಟಕಕ್ಕೆ ಷಾ ಬರೆದ ಪೀಠಿಕೆ ನಾಟಕಕ್ಕಿಂತ ಉದ್ದ. ಪೆಂಗ್ವಿನ್‌ನವರು ಅದನ್ನು ಹೊಸ ಲಿಪಿಗೆ ತಿರುಗಿಸುವ ಸಾಹಸಕ್ಕೆ ಹೋಗದಿದ್ದದ್ದು ಪುಣ್ಯ.

ಲಿಪಿಯನ್ನು ಹತ್ತಿರದಿಂದ ನೋಡಿದರೆ ಕನ್ನಡ ಓದುಗನಿಗೆ ಪರಿಚಿತ ಮುಖವೊಂದು ಕಾಣುತ್ತದೆ. ಅದರಲ್ಲಿ ನೀಳ ಅಕ್ಷರಗಳಿವೆ, ಗೆರೆಯ ಕೆಳಗೆ ಇಳಿಯುವ ಅಕ್ಷರಗಳಿವೆ. ಪಕಾರ ತಲೆಯೆತ್ತಿ ನಿಲ್ಲುತ್ತದೆ. ಅದನ್ನೇ ತಲೆಕೆಳಗು ಮಾಡಿ ಕೆಳಗಿಳಿಸಿದರೆ ಬಕಾರ. ತಕಾರಕ್ಕೆ ದಕಾರ, ಕಕಾರಕ್ಕೆ ಗಕಾರ ಹೀಗೇ ಜೋಡಿ. ಅಘೋಷ, ಘೋಷ ಎಂದು ನಮ್ಮ ವರ್ಗಾಕ್ಷರಗಳ ಸಾಲು ಸಾವಿರಾರು ವರ್ಷಗಳಿಂದ ಒಪ್ಪವಾಗಿ ಜೋಡಿಸಿಟ್ಟದ್ದನ್ನು ರೀಡ್ ಅಕ್ಷರದ ಆಕಾರದಲ್ಲೇ ತೋರಿಸಿದ. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಹೆಸರುಗಳ ಮುಂದೆ ಒಂದು ಚುಕ್ಕಿ. ಇಂಗ್ಲಿಷಿನಲ್ಲಿ ಅಡಿಗಡಿಗೆ ಬರುವ ನಾಲ್ಕು ಪುಟ್ಟ ಪದಗಳಿಗೆ ಒಂದೊಂದೇ ಅಕ್ಷರ. ಷಾ ತನ್ನ ಹೆಸರು ಇಡದಿದ್ದರೂ ಜನ ಬಿಡಲಿಲ್ಲ. ಅದು ‘ಷೇವಿಯನ್’ ಲಿಪಿಯಾಯಿತು. ಬಾಡ್ಲಿಯನ್, ಲೂಕೇಸಿಯನ್‌ಗಳ ಪಂಕ್ತಿಯಲ್ಲಿ ದಾನಿಯ ಹೆಸರು ಹೊತ್ತಿತು. 2003ರಲ್ಲಿ 48 ಅಕ್ಷರಗಳೊಂದಿಗೆ ಯೂನಿಕೋಡಿನಲ್ಲೂ ಜಾಗ ಪಡೆಯಿತು. ದಿನನಿತ್ಯ ಅದರಲ್ಲಿ ಬರೆಯುವವರು ಬೆರಳೆಣಿಕೆಯ ಉತ್ಸಾಹಿಗಳು ಎಂಬುದು ನಿಜ.

ಈ ಲಿಪಿಯಲ್ಲಿ ಅವನ ಹೆಸರು ಬರೆದು ನೋಡಿ. ಮುಂದೊಂದು ಚುಕ್ಕಿ, ಆಮೇಲೆ ಷಕಾರದ ಅಕ್ಷರ, ಅದರ ಪಕ್ಕ ಸ್ವರದ ಅಕ್ಷರ. ಎರಡು ಧ್ವನಿ, ಎರಡೇ ಅಕ್ಷರ. ಅವನ ದೂರು ತೀರಿತು. ಡಬಲ್ಯೂ ನಾಪತ್ತೆ. ಅದೇ ಲಿಪಿಯಲ್ಲಿ ‘ಷೇವಿಯನ್’ ಬರೆಯಿರಿ: ಷ, ಏ, ವ, ‘ಇಯ’ ಎಂಬುದಕ್ಕೆ ರೀಡ್ ಮಾಡಿಟ್ಟ ಒಂದು ಕೂಡಕ್ಷರ, ನ. ಮೊದಲನೆಯ ಷಕಾರ ಬಿಟ್ಟರೆ ಎರಡು ಪದಗಳಿಗೂ ಒಂದಕ್ಷರದ ಸಂಬಂಧವೂ ಉಳಿಯುವುದಿಲ್ಲ. ಷಾ ದುಡ್ಡು ಇಟ್ಟು ಹೋದ ಲಿಪಿ ಅವನ ಕಾಲಕ್ಕೇ ಚಾಲ್ತಿಯಲ್ಲಿದ್ದಿದ್ದರೆ, ಮಾರಿಸ್‌ನ ಹಸ್ತಪ್ರತಿಯಲ್ಲಿ ಷಾವಿಯುಸ್‌ನನ್ನು ಕಂಡು ಅದು ತನ್ನದೇ ಹೆಸರೆಂದು ಗುರುತು ಹಿಡಿಯಲು ಅವನಿಗೆ ದಾರಿಯೇ ಇರುತ್ತಿರಲಿಲ್ಲ.